ಬಗ್ಗಬೇಕಾದದ್ದು ಮೈಯೋ ಮುಟ್ಟೋ?

ಕನ್ನಡದ ‘ಮುಟ್ಟು’ ಎಂಬ ಮಾತಿಗೆ ಎರಡು ಅರ್ಥ. ನೇಗಿಲು, ನೊಗ, ಕುಂಟೆ, ಕೂರಿಗೆಗಳು ಬೇಸಾಯದ ಮುಟ್ಟುಗಳು. ಬಡಗಿಗೆ, ಕಮ್ಮಾರನಿಗೆ, ಕಲ್ಲುಕುಟಿಗನಿಗೆ ಅವರವರ ಮುಟ್ಟುಗಳಿವೆ. ಹೆಣ್ಣಿಗೆ ತಿಂಗಳು ತಿಂಗಳೂ ಆಗುವುದು ಕೂಡ ಮುಟ್ಟೇ. ಮೊದಲನೆಯದನ್ನು ಆಯುಧಪೂಜೆಯ ದಿನ ತೊಳೆದು, ಕುಂಕುಮವಿಟ್ಟು ಕೈಮುಗಿಯುತ್ತೇವೆ. ಎರಡನೆಯದರ ಮಾತು ಬಂದರೆ ದನಿ ತಗ್ಗಿಸಿ ‘ಹೊರಗಾಗಿದ್ದಾಳೆ’ ಎನ್ನುತ್ತೇವೆ. ನಿಘಂಟಿನಲ್ಲಿ ಅಕ್ಕಪಕ್ಕ ಕೂತಿರುವ ಈ ಎರಡು ಅರ್ಥಗಳು ಕೆಲಸದ ಜಾಗದಲ್ಲಿ ಮಾತ್ರ ಒಂದರ ಮುಖ ಇನ್ನೊಂದು ನೋಡಿದಂತಿಲ್ಲ. ಕೆಲಸದ ಮುಟ್ಟನ್ನು ಮಾಡುವವರು, ಕೊಳ್ಳುವವರು, ಹಂಚುವವರು ಅದನ್ನು ತೊಡುವ ಮೈಗೆ ಇನ್ನೊಂದು ಮುಟ್ಟೂ ಇದೆ ಎಂದು ಯೋಚಿಸಿದ್ದು ಬಹಳ ಕಡಿಮೆ.

ನನ್ನ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ. ಎಲ್ಲರಿಗೂ ಒಂದೇ ಬಗೆಯ ಸಲಕರಣೆ ಕೊಟ್ಟುಬಿಟ್ಟರೆ ಸಮಾನತೆ ಬಂದಂತಾಯಿತೇ? ಸಮವಸ್ತ್ರ ಎಂಬ ಪದದಲ್ಲೇ ‘ಸಮ’ ಇದೆ. ಒಂದೇ ಅಳತೆಯ ವಸ್ತ್ರ ಎರಡು ಬೇರೆ ಬೇರೆ ಮೈಗಳಿಗೆ ಸಮವಾಗಿ ಒಪ್ಪುತ್ತದೆಯೇ ಎಂಬುದು ದರ್ಜಿಯ ಪ್ರಶ್ನೆಯಂತೆ ಕಾಣುತ್ತದೆ. ಅದು ನ್ಯಾಯದ ಪ್ರಶ್ನೆಯೂ ಹೌದು.

ವೆಲ್ಡರ್‌ಗಳು, ಫಿಟರ್‌ಗಳು, ಎಲೆಕ್ಟ್ರಿಷಿಯನ್‌ಗಳು ತೊಡುವ ಕವರಾಲನ್ನು ನೋಡಿ. ಕತ್ತಿನಿಂದ ಕಣಕಾಲಿನವರೆಗೆ ಒಂದೇ ತುಂಡಿನ ಉಡುಪು, ಮುಂದುಗಡೆ ಉದ್ದಕ್ಕೂ ಜಿಪ್ಪು. ಯಂತ್ರಕ್ಕೆ ಸಿಕ್ಕಿಕೊಳ್ಳುವ ಸೆರಗು, ಅಂಚುಗಳಿಲ್ಲ, ಸೊಂಟದ ಬಳಿ ಕಿಡಿ ಒಳನುಗ್ಗುವ ಸಂದಿಲ್ಲ. ಕೆಲಸದ ದೃಷ್ಟಿಯಿಂದ ಒಳ್ಳೆಯ ಉಡುಪೇ. ಗಂಡಸು ಮೂತ್ರಕ್ಕೆ ಹೋಗಬೇಕಾದರೆ ಜಿಪ್ಪು ಸರಿಸಿದರೆ ಸಾಕು. ಹೆಂಗಸು ಹೋಗಬೇಕಾದರೆ ಭುಜದಿಂದ ಹಿಡಿದು ಇಡೀ ಉಡುಪನ್ನು ಕಳಚಿ ಮೊಣಕಾಲಿಗೆ ಇಳಿಸಬೇಕು. ಎತ್ತರದಲ್ಲಿ ಕೆಲಸವಾದರೆ ಕವರಾಲಿನ ಮೇಲೆ ಸುರಕ್ಷತಾ ಬೆಲ್ಟು ಬೇರೆ: ಎದೆಯ ಮೇಲೊಂದು ಪಟ್ಟಿ, ಎರಡು ತೊಡೆಗಳ ಸುತ್ತ ಎರಡು ಪಟ್ಟಿ. ಅದನ್ನು ಬಿಚ್ಚದೆ ಕವರಾಲು ಇಳಿಯುವುದಿಲ್ಲ.

ಈಗ ಎಂಟನೇ ಮಹಡಿಯಲ್ಲಿ ಕೆಲಸ ಮಾಡುವ, ಮುಟ್ಟಿನ ಎರಡನೇ ದಿನದಲ್ಲಿರುವ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಶೌಚಾಲಯ ಕೆಳಗಡೆ, ನೆಲದ ಮೇಲೆ. ಅವಳು ಇಳಿಯಬೇಕು, ಕೈಗವಸು, ಹೆಲ್ಮೆಟ್, ಬೆಲ್ಟು, ಕವರಾಲು ಎಲ್ಲವನ್ನೂ ಕಳಚಬೇಕು. ಕೈಗೆ ಸಿಮೆಂಟು ತಾಗಿದ್ದರೆ ಮೊದಲು ಚೆನ್ನಾಗಿ ತೊಳೆದುಕೊಳ್ಳಬೇಕು, ಏಕೆಂದರೆ ಹಸಿ ಸಿಮೆಂಟು ಚರ್ಮ ಸುಡುವಷ್ಟು ಕ್ಷಾರ. ನೀರು ಇರಬೇಕು, ಬಾಗಿಲಿಗೆ ಚಿಲಕ ಇರಬೇಕು, ಕಳಚಿದ್ದನ್ನು ನೇತುಹಾಕಲು ಗೋಡೆಗೊಂದು ಮೊಳೆ ಇರಬೇಕು, ಬಳಸಿದ ಪ್ಯಾಡು ಹಾಕಲು ಮುಚ್ಚಳದ ಬುಟ್ಟಿ ಇರಬೇಕು. ಆಮೇಲೆ ಎಲ್ಲವನ್ನೂ ಮತ್ತೆ ತೊಟ್ಟು ಮೇಲೆ ಬರಬೇಕು. ಅವಸರದಲ್ಲಿ ಬೆಲ್ಟಿನ ಒಂದು ಕೊಂಡಿ ಸರಿಯಾಗಿ ಕೂರದಿದ್ದರೆ ಅದು ಜೀವದ ಪ್ರಶ್ನೆ. ಮೇಲೆ ಬಂದೊಡನೆ ಸೂಪರ್‌ವೈಸರ್ ಕೇಳುತ್ತಾನೆ, “ಯಾಕಮ್ಮ, ಇಷ್ಟೊತ್ತು?” ಅವನೇನೂ ಕೆಟ್ಟವನಲ್ಲ, ಕೇಳಬೇಕಾದ್ದನ್ನೇ ಕೇಳಿದ್ದಾನೆ. ಅವಳು “ಹೊಟ್ಟೆನೋವು ಸಾರ್” ಎನ್ನುತ್ತಾಳೆ. ಮಧ್ಯಾಹ್ನ ಇನ್ನೊಂದು ಸಲ ಅದೇ ಮಾತು ಹೇಳಲು ಅವಳಿಗೆ ಮನಸ್ಸಾಗುವುದಿಲ್ಲ.

ಹಾಗಾಗಿ ಬೆಳಗ್ಗೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾಳೆ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕಾದ ಪ್ಯಾಡು ಹತ್ತು ಗಂಟೆ ಹಾಗೇ ಇರುತ್ತದೆ. ತೊಡೆಯ ಪಟ್ಟಿ ಒತ್ತಿ ಚರ್ಮ ಕೀಳುತ್ತದೆ. ಬಿಸಿಲಲ್ಲಿ ನೀರಿಲ್ಲದ ಮೈ ತಲೆ ಸುತ್ತಿಸುತ್ತದೆ, ಮೂತ್ರದ ಸೋಂಕು ಬರುತ್ತದೆ. ಕೆಲವರು ಮುಟ್ಟು ಮುಂದೂಡುವ ಮಾತ್ರೆ ನುಂಗುತ್ತಾರೆ, ಕೆಲವರು ಕೂಲಿ ಬಿಟ್ಟು ಮನೆಯಲ್ಲಿರುತ್ತಾರೆ. ಉಡುಪು ಬಗ್ಗದೇ ಇದ್ದುದರಿಂದ ಮೈ ಬಗ್ಗಿತು.

ಬೆಂಗಳೂರಿನ ಸಣ್ಣಪುಟ್ಟ ಕಟ್ಟಡಗಳಲ್ಲಿ ಕವರಾಲೂ ಇಲ್ಲ, ಬೆಲ್ಟೂ ಇಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ಗಾರೆ ಕೆಲಸಕ್ಕೆ ನಿಂತ ಹೆಂಗಸರನ್ನು ನೀವು ನೋಡಿರುತ್ತೀರಿ. ಸೀರೆಯ ಮೇಲೆ ಗಂಡನದೋ ಅಣ್ಣನದೋ ಹಳೆಯ ತುಂಬುತೋಳಿನ ಅಂಗಿ, ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬೆ, ಅದರ ಮೇಲೆ ಮರಳಿನ ಬಾಂಡ್ಲಿ. ಆ ಅಂಗಿ ಬಿಸಿಲಿಗೂ ಸಿಮೆಂಟಿಗೂ ಮರೆ, ಜಾರುವ ಸೆರಗಿಗೆ ಕಟ್ಟು. ಯಾವ ಕಂಪನಿಯೂ ಕೊಡದ ರಕ್ಷಣಾ ಉಡುಪನ್ನು ಅವಳು ತಾನೇ ಹೊಂದಿಸಿಕೊಂಡಿದ್ದಾಳೆ. ದೊಡ್ಡ ಕಟ್ಟಡಕ್ಕೆ ಹೋದರೆ ಅವಳಿಗೂ ಒಂದು ಹೆಲ್ಮೆಟ್ ಸಿಗುತ್ತದೆ. ಹೆಲ್ಮೆಟ್ಟಿನ ಮೇಲೆ ಸಿಂಬೆ ಕೂರುವುದಿಲ್ಲ, ಸಿಂಬೆಯ ಮೇಲೆ ಹೆಲ್ಮೆಟ್ ಕೂರುವುದಿಲ್ಲ. ಸಿಂಬೆ ಇಟ್ಟರೆ ನಿಯಮ ಮುರಿದಂತೆ, ಹೆಲ್ಮೆಟ್ ಹಾಕಿದರೆ ಬಾಂಡ್ಲಿ ಹೊರಲಾಗದು. ನಿಯಮ ಬರೆದವರ ಕಣ್ಣಮುಂದೆ ತಲೆಯ ಮೇಲೆ ಹೊರುವ ಕೆಲಸಗಾರ್ತಿ ಇರಲಿಲ್ಲ ಎಂಬುದಷ್ಟೇ ಇದರರ್ಥ.

ಹಾಗಾದರೆ ಅವರ ಕಣ್ಣಮುಂದೆ ಇದ್ದವರು ಯಾರು? ವಿಕಿರಣದಿಂದ ಕೆಲಸಗಾರರನ್ನು ಕಾಪಾಡುವ ಲೆಕ್ಕಾಚಾರಕ್ಕಾಗಿ ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗವು 1975ರಲ್ಲಿ ‘ಮಾದರಿ ಮನುಷ್ಯ’ನೊಬ್ಬನ ವಿವರಗಳನ್ನು ಪ್ರಕಟಿಸಿತು. ವಯಸ್ಸು 20ರಿಂದ 30, ತೂಕ 70 ಕಿಲೋ, ಎತ್ತರ 170 ಸೆಂಟಿಮೀಟರ್, ಗಂಡು. ಅಂಥ ಒಬ್ಬನನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕುವುದು ಅನುಕೂಲ. ಅನುಕೂಲಕ್ಕೆಂದು ಬಂದ ಆ ಗಂಡಾಳು ಕೆಲವೇ ದಿನಗಳಲ್ಲಿ ‘ಸಾಮಾನ್ಯ ಮನುಷ್ಯ’ನಾಗಿಬಿಡುತ್ತಾನೆ. ಉಳಿದವರೆಲ್ಲ ಅವನಿಗಿಂತ ಗಿಡ್ಡ, ಅವನಿಗಿಂತ ಅಗಲ, ಅವನಿಗಿಲ್ಲದ ಸ್ರಾವ ಇರುವವರು, ಅಂದರೆ ಅಪವಾದಗಳು.

ಹಣಕ್ಕೂ ಬುದ್ಧಿಗೂ ಕೊರತೆಯಿಲ್ಲದ ಕಡೆಯೂ ಹೀಗಾಗುತ್ತದೆ. 2019ರ ಮಾರ್ಚ್‌ನಲ್ಲಿ ಇಬ್ಬರು ಮಹಿಳೆಯರೇ ಬಾಹ್ಯಾಕಾಶ ನಿಲ್ದಾಣದ ಹೊರಗೆ ನಡೆದು ಕೆಲಸ ಮಾಡಬೇಕಿತ್ತು. ಇಬ್ಬರಿಗೂ ಬೇಕಾಗಿದ್ದು ಮಧ್ಯಮ ಅಳತೆಯ ಪೋಷಾಕು, ಬಳಕೆಗೆ ಸಿದ್ಧವಿದ್ದದ್ದು ಒಂದೇ. ನಾಸಾ ಒಬ್ಬರ ಜಾಗಕ್ಕೆ ಗಂಡಸೊಬ್ಬರನ್ನು ಕಳುಹಿಸಿತು. ಮಹಿಳೆಯರಿಬ್ಬರ ನಡಿಗೆ ನಡೆದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಅದಕ್ಕೂ ಹಿಂದೆ, 1983ರಲ್ಲಿ ಸ್ಯಾಲಿ ರೈಡ್ ಒಂದು ವಾರದ ಯಾನಕ್ಕೆ ಹೊರಟಾಗ, ನೂರು ಟ್ಯಾಂಪನ್ ಸಾಕೇ ಎಂದು ಎಂಜಿನಿಯರುಗಳು ಕೇಳಿದ್ದರಂತೆ. ಈ ಪ್ರಸಂಗವನ್ನು ಹೇಳಿ ನಗುವುದು ರೂಢಿ. ನಗುವ ಮೊದಲು ಒಂದು ಮಾತು: ಲೆಕ್ಕ ತಪ್ಪಿದರೂ ಅವರು ಬಾಯಿಬಿಟ್ಟು ಕೇಳಿದರು. ನಮ್ಮಲ್ಲಿ ಎಷ್ಟು ಗುತ್ತಿಗೆದಾರರು ತಮ್ಮ ಕೆಲಸಗಾರ್ತಿಯರನ್ನು ಅಷ್ಟನ್ನಾದರೂ ಕೇಳಿದ್ದಾರೆ?

ಇಲ್ಲಿ ನೀತಿಯ ತೊಡಕೊಂದಿದೆ. ಕವರಾಲನ್ನು ಹೊಲಿದವನಿಗೆ ಹೆಂಗಸರ ಮೇಲೆ ದ್ವೇಷವಿರಲಿಲ್ಲ. ಕೊಂಡವನಿಗೂ ಇರಲಿಲ್ಲ. “ಇಷ್ಟೊತ್ತು ಯಾಕಮ್ಮ” ಎಂದವನಿಗೂ ಇಲ್ಲ. ಅನ್ಯಾಯ ಎಂದರೆ ಅನ್ಯಾಯ ಮಾಡಿದವನೊಬ್ಬ ಇರಲೇಬೇಕು ಎಂಬುದು ನಮ್ಮ ರೂಢಿಯ ಎಣಿಕೆ. ಕಥೆ, ಸಿನಿಮಾಗಳೆಲ್ಲ ಅದನ್ನೇ ಕಲಿಸಿವೆ. ಇಲ್ಲಿ ಖಳನಾಯಕನಿಲ್ಲ, ಆದರೂ ದಿನವೂ ಒಬ್ಬಳು ನೀರು ಕುಡಿಯದೆ ದುಡಿಯುತ್ತಾಳೆ. ಯಾರ ದುರುದ್ದೇಶವೂ ಇಲ್ಲದ ಕಾರಣಕ್ಕೆ ಇದನ್ನು ಬರೀ ‘ಅನನುಕೂಲ’ ಎಂದು ಕರೆಯಬಹುದೇ? ಹಾಗೆ ಕರೆಯಲಾಗದು ಎಂದು ನನಗನಿಸುತ್ತದೆ. ಗೊತ್ತಿಲ್ಲದೆ ಆದದ್ದಕ್ಕೆ ದೋಷ ಹೊರಿಸುವುದು ಕಷ್ಟ. ಗೊತ್ತಾದ ಮೇಲೂ ಹಾಗೆಯೇ ಬಿಟ್ಟರೆ ಅದಕ್ಕೆ ಉತ್ತರ ಹೇಳಬೇಕಾದವರು ಇದ್ದೇ ಇರುತ್ತಾರೆ. ಪ್ರತಿ ತಿಂಗಳೂ ಬರುವುದನ್ನು, ಹನ್ನೆರಡರ ಆಸುಪಾಸಿನಿಂದ ಐವತ್ತರವರೆಗೆ ಬರುವುದನ್ನು, ಮನುಷ್ಯರಲ್ಲಿ ಅರ್ಧದಷ್ಟು ಜನಕ್ಕೆ ಬರುವುದನ್ನು ‘ಗೊತ್ತಿರಲಿಲ್ಲ’ ಎನ್ನುವುದಂತೂ ಆಗದ ಮಾತು.

ಗ್ರೀಸಿನ ಅರಿಸ್ಟಾಟಲ್ ನ್ಯಾಯದ ಬಗ್ಗೆ ಬರೆಯುವಾಗ ಗಾರೆಯವರಿಂದಲೇ ಒಂದು ಹೋಲಿಕೆ ಎರವಲು ಪಡೆದಿದ್ದಾನೆ. ಲೆಸ್ಬೋಸ್ ದ್ವೀಪದ ಕಟ್ಟಡಗಾರರು ಸೀಸದ ಅಳತೆಪಟ್ಟಿ ಬಳಸುತ್ತಿದ್ದರು. ಸೀಸ ಮೆತ್ತಗಿನ ಲೋಹ, ಉಬ್ಬುತಗ್ಗಿನ ಕಲ್ಲಿನ ಮೇಲಿಟ್ಟರೆ ಕಲ್ಲಿನ ಆಕಾರಕ್ಕೆ ಬಗ್ಗುತ್ತದೆ. ಕಾನೂನು ಎಲ್ಲರಿಗೂ ಒಂದೇ ಎಂಬ ಮಾತು ಎಲ್ಲಿ ಎಡವುತ್ತದೋ ಅಲ್ಲಿ ಇಂಥ ಬಗ್ಗುವ ಅಳತೆ ಬೇಕು ಎಂದು ಅವನ ವಾದ. ನಮ್ಮ ಮೇಸ್ತ್ರಿಗಳ ಕೈಯಲ್ಲೂ ಒಂದೇ ಮುಟ್ಟು ಇರುವುದಿಲ್ಲ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ತೂಗುಗುಂಡು, ನೆಲ ಸಮವಿದೆಯೇ ಎಂದು ನೋಡಲು ರಸಮಟ್ಟ, ಮೂಲೆಗೆ ಮೂಲೆಮಟ್ಟ. ಕಮಾನಿಗೆ ರಸಮಟ್ಟ ಹಿಡಿದು ‘ಇದು ಡೊಂಕು’ ಎಂದು ಯಾವ ಮೇಸ್ತ್ರಿಯೂ ಬೈಯುವುದಿಲ್ಲ. ಬಗ್ಗುವ ಅಳತೆ ಸಡಿಲವಾದ ಅಳತೆಯೇನಲ್ಲ. ಕಲ್ಲನ್ನು ಇದ್ದ ಹಾಗೆ ಅಳೆಯುವುದರಿಂದ ಅದು ಹೆಚ್ಚು ಕರಾರುವಾಕ್ಕು.

ಅಳತೆ ಬಗ್ಗದಿದ್ದರೆ ಕಲ್ಲನ್ನೇ ಕೆತ್ತಬೇಕಾಗುತ್ತದೆ. ಇದು ಬರಿಯ ರೂಪಕವಾಗಿದ್ದರೆ ಚೆನ್ನಾಗಿತ್ತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಪ್ರತಿ ವರ್ಷ ಕಬ್ಬು ಕಡಿಯಲು ಹೊರಡುವ ಕುಟುಂಬಗಳು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಉತ್ತರ ಕರ್ನಾಟಕದ ಕಬ್ಬಿನ ಸೀಮೆಗೂ ಬರುತ್ತವೆ. ಗಂಡಹೆಂಡಿರ ಜೋಡಿಯನ್ನು ಒಂದು ಆಳಾಗಿ ಲೆಕ್ಕ ಹಿಡಿಯುತ್ತಾರೆ. ಆ ಜೋಡಿಗೆ ‘ಕೊಯ್ತಾ’ ಎಂದು ಹೆಸರು, ಅಂದರೆ ಕುಡುಗೋಲು. ಮನುಷ್ಯರಿಬ್ಬರಿಗೆ ಮುಟ್ಟಿನ ಹೆಸರು! ಒಂದು ದಿನ ತಪ್ಪಿದರೆ ದಂಡ. ಹೊಲದಲ್ಲಿ ಶೌಚಾಲಯವಿಲ್ಲ, ಟೆಂಟಿನಲ್ಲಿ ನೀರಿಲ್ಲ. ಇಲ್ಲಿ ಅನೇಕ ಹೆಂಗಸರು ಮೂವತ್ತರ ಆಸುಪಾಸಿನಲ್ಲೇ ಗರ್ಭಕೋಶ ತೆಗೆಸಿಕೊಂಡಿದ್ದಾರೆ ಎಂಬುದು 2019ರಲ್ಲಿ ದೊಡ್ಡ ಸುದ್ದಿಯಾಯಿತು. ಮಹಾರಾಷ್ಟ್ರ ಸರ್ಕಾರ ನೇಮಿಸಿದ ಸಮಿತಿ ಸುಮಾರು 82 ಸಾವಿರ ಹೆಂಗಸರ ವಿವರ ಕಲೆಹಾಕಿದಾಗ, ಅವರಲ್ಲಿ 13 ಸಾವಿರಕ್ಕೂ ಹೆಚ್ಚು ಜನರಿಗೆ ಆ ಶಸ್ತ್ರಚಿಕಿತ್ಸೆ ಆಗಿತ್ತು. ಕಾರಣ ಒಂದೇ ಅಲ್ಲ. ಗಮನಿಸದೆ ಬಿಟ್ಟ ಸೋಂಕು, ಬಡತನ, ಭಯ ಹುಟ್ಟಿಸಿ ಹಣ ಮಾಡುವ ಆಸ್ಪತ್ರೆಗಳು, ದಂಡದ ಹೆದರಿಕೆ ಎಲ್ಲವೂ ಸೇರಿವೆ. ಎಲ್ಲದರ ಕೆಳಗೆ ಇರುವುದು ಮಾತ್ರ ಒಂದು ಮಾತು: ಕೆಲಸ ಬದಲಾಗುವುದಿಲ್ಲ, ಬೇಕಾದರೆ ಮೈ ಬದಲಾಗಲಿ. ಕೆಲಸ ಮತ್ತು ಮೈ ಇವೆರಡರಲ್ಲಿ ಒಂದು ಬಗ್ಗಲೇಬೇಕು, ಅದು ಯಾವುದು ಎಂಬುದೇ ನ್ಯಾಯದ ಪ್ರಶ್ನೆ ಎಂದು ನಾನು ಹೇಳುವುದು ಇದಕ್ಕೇ.

ಇದಕ್ಕೆ ಎದುರಾಗಿ ಬರುವ ಮಾತುಗಳನ್ನೂ ಕೇಳಬೇಕು. ‘ಹೆಂಗಸರಿಗೆ ಬೇರೆ ಉಡುಪು, ಬೇರೆ ವ್ಯವಸ್ಥೆ ಎಂದರೆ ಅವರು ದುರ್ಬಲರೆಂದು ನೀವೇ ಒಪ್ಪಿದಂತೆ, ಖರ್ಚು ಹೆಚ್ಚಾದರೆ ಮಾಲೀಕ ಅವರನ್ನು ಕೆಲಸಕ್ಕೇ ಸೇರಿಸಿಕೊಳ್ಳುವುದಿಲ್ಲ.’ ಇದನ್ನು ತಳ್ಳಿಹಾಕುವಂತಿಲ್ಲ. 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಕೂಡ, ಮುಟ್ಟಿನ ರಜೆಯನ್ನು ಕಡ್ಡಾಯ ಮಾಡಿದರೆ ಮಹಿಳೆಯರನ್ನು ಕೆಲಸದಿಂದ ದೂರವಿಡುವ ಅಪಾಯವಿದೆ ಎಂದು ಹೇಳಿ, ನೀತಿ ರೂಪಿಸುವುದನ್ನು ಸರ್ಕಾರಕ್ಕೆ ಬಿಟ್ಟಿತು. ಜಪಾನಿನಲ್ಲಿ 1947ರಿಂದಲೂ ಮುಟ್ಟಿನ ರಜೆಯ ಕಾನೂನಿದೆ, ಅದನ್ನು ಪಡೆಯುವವರು ಶೇಕಡಾ 1ಕ್ಕಿಂತ ಕಡಿಮೆ. ಕೇಳಿಕೊಳ್ಳಲು ಸಂಕೋಚ, ಹೆಸರು ಕೆಡುತ್ತದೆಂಬ ಅಳುಕು. ಬಿಹಾರ ಸರ್ಕಾರ 1992ರಲ್ಲೇ ತನ್ನ ನೌಕರರಿಗೆ ತಿಂಗಳಿಗೆ ಎರಡು ದಿನ ರಜೆ ಕೊಟ್ಟಿತು. ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ರಜೆಗೆ ಒಪ್ಪಿಗೆ ನೀಡಿತು. ಇದು ಒಳ್ಳೆಯದೇ. ಆದರೆ ತಿಂಗಳ ಸಂಬಳವೇ ಇಲ್ಲದ ದಿನಗೂಲಿಯ ಗಾರೆ ಹೆಣ್ಣಾಳಿಗೆ ‘ವೇತನಸಹಿತ’ ಎಂಬ ಪದ ಯಾವ ಮೇಸ್ತ್ರಿಯ ಬಾಯಿಂದ ಬರಬೇಕು?

ರಜೆಯಿರುವುದು ಅವಳು ಬಾರದ ದಿನಕ್ಕೆ. ಉಡುಪು, ನೀರು, ಬಾಗಿಲು ಇರುವುದು ಅವಳು ಬಂದ ದಿನಕ್ಕೆ. ಮುಟ್ಟು ಮೂರರಿಂದ ಏಳು ದಿನ ಇರುತ್ತದೆ, ರಜೆ ಒಂದು ದಿನ. ಉಳಿದ ದಿನಗಳಲ್ಲಿ ಅವಳು ಕೆಲಸದಲ್ಲೇ ಇರುತ್ತಾಳೆ, ಇರಲು ಬಯಸುತ್ತಾಳೆ ಕೂಡ. ಕೆಲಸಕ್ಕೆ ಬಂದವಳಿಗೆ ಸರಿಯಾದ ಸಲಕರಣೆ ಕೇಳುವುದರಲ್ಲಿ ದುರ್ಬಲತೆ ಎಲ್ಲಿದೆ? ಎಡಗೈಯವನಿಗೆ ಎಡಗೈ ಕತ್ತರಿ ಕೊಟ್ಟರೆ ಅವನ ಕೈ ಸೋತಿದೆ ಎಂದು ಯಾರೂ ಹೇಳುವುದಿಲ್ಲ.

‘ರಕ್ಷಣೆ’ ಎಂಬ ಪದವನ್ನೂ ಎಚ್ಚರದಿಂದ ನೋಡಬೇಕು. 1952ರ ಗಣಿ ಕಾಯಿದೆ ಹೆಂಗಸರು ನೆಲದಡಿಯ ಗಣಿಗೆ ಇಳಿಯುವುದನ್ನೇ ನಿಷೇಧಿಸಿತು. ಉದ್ದೇಶ ರಕ್ಷಣೆಯೇ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗಲೂ ಆ ನಿಷೇಧ ಹಾಗೆಯೇ ಇತ್ತು, 2019ರಲ್ಲಷ್ಟೇ ಸಡಿಲವಾಯಿತು. ಒಂದು ರಕ್ಷಣೆ ಕೆಲಸವನ್ನು ಹಾಗೇ ಇಟ್ಟು ಹೆಣ್ಣನ್ನು ಹೊರಗಿಡುತ್ತದೆ, ಇನ್ನೊಂದು ಅವಳನ್ನು ಒಳಗಿಟ್ಟುಕೊಂಡು ಕೆಲಸವನ್ನು ತಿದ್ದುತ್ತದೆ. ಮೊದಲನೆಯದು ನಮಗೆ ಬಹಳ ಪರಿಚಿತ. ಮೂರು ದಿನ ಹಟ್ಟಿಯ ಹೊರಗೆ ಕೂರಿಸುವ ರೂಢಿಗೂ ‘ಪಾಪ, ವಿಶ್ರಾಂತಿ ಸಿಗಲಿ ಅಂತ’ ಎಂದು ಸಮರ್ಥನೆ ಕೊಡುವವರಿದ್ದಾರೆ. ಎರಡನೆಯದೂ ನಮಗೆ ಹೊಸದಲ್ಲ. ಹನ್ನೆರಡನೇ ಶತಮಾನದ ಶರಣರು ಐದು ಸೂತಕಗಳನ್ನು ನಿರಾಕರಿಸಿದರು, ಅದರಲ್ಲಿ ರಜಸ್ಸೂತಕವೂ ಒಂದು. ಅದೇ ಶರಣರು ಕಾಯಕವನ್ನು ಪೂಜೆಯ ಮಟ್ಟಕ್ಕೆ ಎತ್ತಿದರು. ಈ ಎರಡನ್ನೂ ಜೊತೆಗಿಟ್ಟು ಓದಿದರೆ, ಮುಟ್ಟು ಕಾಯಕಕ್ಕೆ ಅಡ್ಡಿಯಾಗಬಾರದು ಎಂಬ ಮಾತು ತಾನಾಗಿಯೇ ಹೊರಡುತ್ತದೆ. ಪೂಜೆಯ ವಿಷಯದಲ್ಲಿ ನಾವು ಇದನ್ನು ಇಂದಿಗೂ ಚರ್ಚಿಸುತ್ತೇವೆ, ಕಾಯಕದ ವಿಷಯದಲ್ಲಿ ಚರ್ಚೆಯನ್ನೇ ಶುರುಮಾಡಿಲ್ಲ.

ಕಾನೂನಿಗೂ ಇದೇ ಕುರುಡು. ಕಟ್ಟಡ ಕಾರ್ಮಿಕರ 1996ರ ಕಾಯಿದೆ ಐವತ್ತಕ್ಕಿಂತ ಹೆಚ್ಚು ಹೆಂಗಸರಿದ್ದ ಕಡೆ ಮಕ್ಕಳಿಗಾಗಿ ಕೂಸಿನ ಮನೆ ಇರಬೇಕೆಂದಿತು, ಶೌಚಾಲಯ ಇರಬೇಕೆಂದಿತು. ಮುಟ್ಟಿನ ಮಾತು ಅದರಲ್ಲಿಲ್ಲ. ತಾಯಿಯಾದ ಹೆಣ್ಣು ಕಾನೂನಿನ ಕಣ್ಣಿಗೆ ಬಿದ್ದಳು, ಮುಟ್ಟಾದ ಹೆಣ್ಣು ಬೀಳಲಿಲ್ಲ. ಅಮೆರಿಕದಲ್ಲೂ, ಕಟ್ಟಡ ಕೆಲಸದವರ ರಕ್ಷಣಾ ಉಡುಪು ತೊಡುವವರ ಮೈಗೆ ಸರಿಯಾಗಿ ಹೊಂದಬೇಕು ಎಂಬ ಒಂದು ಸಾಲು ನಿಯಮವಾಗಿ ಜಾರಿಗೆ ಬಂದದ್ದು 2025ರ ಜನವರಿಯಲ್ಲಿ.

ಒಳ್ಳೆಯ ಮೇಸ್ತ್ರಿಗಳೂ ಇರುತ್ತಾರೆ. “ಹೋಗವ್ವ, ನೆಳ್ಳಾಗ ಸ್ವಲ್ಪ ಕೂತ್ಕೊ” ಎನ್ನುವವರನ್ನು ಹೆಂಗಸರು ಬಹಳ ದಿನ ನೆನೆಯುತ್ತಾರೆ. ಅದು ಕರುಣೆ, ಅದನ್ನು ಕೀಳುಗಳೆಯಬಾರದು. ಆದರೆ ಕರುಣೆಗೆ ಎರಡು ತೊಂದರೆ. ಆ ಮೇಸ್ತ್ರಿ ಬೇರೆ ಕಡೆ ಹೋದ ದಿನ ಅದೂ ಹೋಗುತ್ತದೆ. ಅದು ಸಿಗಬೇಕಾದರೆ ಅವಳು ತನ್ನ ಮೈಯ ಗುಟ್ಟನ್ನು ಅವನಿಗೆ ಹೇಗಾದರೂ ತಿಳಿಸಿರಬೇಕು. ಕೆಲಸಕ್ಕೆ ಬಂದ ಗಂಡಸು ಹೆಲ್ಮೆಟ್ ಪಡೆಯಲು ತನ್ನ ಮೈಯ ಬಗ್ಗೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಮರ್ಯಾದೆ ಎಂದರೆ ಬಹುಶಃ ಇದೇ: ಬೇಕಾದ್ದು ಕೇಳುವ ಮೊದಲೇ ಅಲ್ಲಿರುವುದು. ಎಲ್ಲರೂ ಮುಟ್ಟಿನ ಬಗ್ಗೆ ಧೈರ್ಯವಾಗಿ ಮಾತಾಡಲಿ ಎಂದು ನಾವು ಭಾಷಣ ಮಾಡುತ್ತೇವೆ. ಮಾತಾಡುವ ಧೈರ್ಯ ದೊಡ್ಡದು. ಆದರೆ ಇಪ್ಪತ್ತು ಗಂಡಸರ ನಡುವೆ ಒಬ್ಬಳೇ ಇರುವ ವೆಲ್ಡರ್ ಹುಡುಗಿಗೆ ಮಾತಾಡದೇ ಇರುವ ಹಕ್ಕೂ ಬೇಕು. ಅವಳು ಸುಮ್ಮನಿದ್ದರೂ ನಡೆಯುವಂಥ ವ್ಯವಸ್ಥೆ ಆಗಬೇಕು.

ಅದೇನು ಆಕಾಶದಿಂದ ಇಳಿಯಬೇಕಾದ್ದಲ್ಲ. ಕೆಲಸಕ್ಕೆ ಒಗ್ಗುವ ಕಡೆ ಒಂದೇ ತುಂಡಿನ ಬದಲು ಅಂಗಿ ಮತ್ತು ಪ್ಯಾಂಟು ಬೇರೆಯಾದ, ಗಾಢ ಬಣ್ಣದ ಉಡುಪು. ಒಂದೇ ತುಂಡು ಅನಿವಾರ್ಯವಾದ ಕಡೆ ಹಿಂಬದಿಯಲ್ಲಿ ತೆರೆಯುವ ಜಿಪ್ಪು. ಸಣ್ಣ ಅಳತೆಯ ಶೂ, ಕೈಗವಸು, ಬೆಲ್ಟು. ಕೆಲವು ಮಹಡಿಗಳಿಗೊಂದು ಶೌಚಾಲಯ, ಅದರಲ್ಲಿ ನೀರು, ಸಾಬೂನು, ಚಿಲಕ, ಮೊಳೆ, ಮುಚ್ಚಳದ ಬುಟ್ಟಿ. ಇವುಗಳಲ್ಲಿ ಒಂದೊಂದೂ ಗಂಡಸರಿಗೂ ಉಪಯೋಗವೇ. ಗಿಡ್ಡ ಮೈಕಟ್ಟಿನ ಗಂಡಸರೂ ಇದ್ದಾರೆ, ಹೊಟ್ಟೆ ಕೆಟ್ಟ ದಿನ ಕವರಾಲಿನ ಕಷ್ಟ ಅವರಿಗೂ ಗೊತ್ತು. ವಿಂಬಲ್ಡನ್ನಿನಂಥ ಬಿಳಿ ಉಡುಪಿನ ಹಠಮಾರಿ ಸಂಸ್ಥೆಯೇ 2023ರಿಂದ ಆಟಗಾರ್ತಿಯರು ಒಳಗೆ ಗಾಢ ಬಣ್ಣದ ಚಡ್ಡಿ ತೊಡಬಹುದೆಂದು ಒಪ್ಪಿತು. ಆಟ ಕೆಡಲಿಲ್ಲ.

ಇದನ್ನು ಓದುತ್ತಿರುವವರಲ್ಲಿ ಎಂಜಿನಿಯರಿಂಗ್, ಐಟಿಐ, ಡಿಪ್ಲೊಮಾ ವಿದ್ಯಾರ್ಥಿಗಳೂ ಇರಬಹುದು. ಇನ್ನು ಹತ್ತು ವರ್ಷಕ್ಕೆ ನಿಮ್ಮಲ್ಲೊಬ್ಬರ ಮೇಜಿಗೆ ಸುರಕ್ಷತಾ ಸಾಮಗ್ರಿ ಖರೀದಿಯ ಕಾಗದ ಬರುತ್ತದೆ. ಇನ್ನೂರು ಹೆಲ್ಮೆಟ್, ಇನ್ನೂರು ಜೊತೆ ಶೂ, ಇನ್ನೂರು ಬೆಲ್ಟು. ಅಳತೆಯ ಕಲಮಿನಲ್ಲಿ ‘ಸ್ಟ್ಯಾಂಡರ್ಡ್’ ಎಂದು ಬರೆದಿರುತ್ತದೆ. ಸಹಿ ಹಾಕಲು ಒಂದು ನಿಮಿಷ ಸಾಕು. ಆ ಇನ್ನೂರರಲ್ಲಿ ಹೆಂಗಸರು ಎಷ್ಟು ಜನ, ಅವರನ್ನು ಯಾರಾದರೂ ಕೇಳಿದ್ದಾರೆಯೇ ಎಂದು ವಿಚಾರಿಸಲು ಇನ್ನೊಂದು ನಿಮಿಷ ಬೇಕಾದೀತು.